ಮನೆಗೊಂದು ಹಸು ಕಟ್ಟಬೇಕು, ಯಾವುದು ಕಟ್ಟೋಣ?

ಪ್ರಶ್ನೆ: ನಮ್ಮದು ಬೇಲೂರು ತಾಲ್ಲೂಕು. 2 ಎಕರೆ ಜಮೀನು, ಬೋರ್‌ವೆಲ್ ಇದೆ. ಮನೆಗೆ ಹಾಲು ಬೇಕು, ಮಿಕ್ಕಿದ್ದು ಡೈರಿಗೆ ಹಾಕೋಣ ಅಂತಿದ್ದೇವೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್), ಜೆರ್ಸಿ, ನಾಟಿ, ಯಾವುದು ಒಳ್ಳೆಯದು?

ಉತ್ತರ: ತಳಿ ವಿಚಾರ ಆಮೇಲೆ ನೋಡೋಣ. ಮೇವು ಎಲ್ಲಿಂದ ತರುತ್ತೀರಿ? ದಿನಕ್ಕೆ 10 ಲೀಟರ್ ಕೊಡುವ ಹಸುವಿಗೆ 20ರಿಂದ 25 ಕೆಜಿ ಹಸಿ ಮೇವು, 5 ಕೆಜಿಯಷ್ಟು ರಾಗಿ ಹುಲ್ಲು ಬೇಕು. ಹಿಂಡಿ, ಬೂಸಾ ಅದರ ಮೈಗೆಂದು ಒಂದೂವರೆ ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆಜಿ. ಲೆಕ್ಕ ಹಾಕಿದರೆ ಐದೂವರೆ ಕೆಜಿ ಆಯ್ತು. ಇದೆಲ್ಲ ದುಡ್ಡು ಕೊಟ್ಟು ತಂದರೆ ಡೈರಿ ಬಟವಾಡೆ ಅಲ್ಲಿಗೇ ಸರಿಹೋಗುತ್ತದೆ. ಅದಕ್ಕೇ ಮೊದಲು 10 ಗುಂಟೆಯಲ್ಲಿ ನೇಪಿಯರ್ ಮೇವಿನ ಹುಲ್ಲಿನ ಕಡ್ಡಿ ನೆಡಿ. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು ಬರುತ್ತದೆ. ಹಸು ನೋಡಲು ಆಗ ಹೊರಟರೆ ಸಾಕು.

ಎಚ್‌ಎಫ್ ಮಿಶ್ರತಳಿ ಹಾಲು ಜಾಸ್ತಿ ಕೊಡುತ್ತದೆ ನಿಜ. ಆದರೆ ಹೊಟ್ಟೆಯೂ ದೊಡ್ಡದು, ಬಿಸಿಲು ತಡೆಯುವುದಿಲ್ಲ, ಮೈಗೆ ಕಚ್ಚುವ ಉಣ್ಣೆ ಹುಳದಿಂದ ಬರುವ ಜ್ವರಕ್ಕೆ ಬೇಗ ಬೀಳುತ್ತದೆ. ಜೆರ್ಸಿ ಮಿಶ್ರತಳಿ ಮೈಯಲ್ಲಿ ಚಿಕ್ಕದು, ತಿನ್ನುವುದು ಕಡಿಮೆ, ಹಾಲಿನಲ್ಲಿ ಕೊಬ್ಬು ಜಾಸ್ತಿ. ನಿಮ್ಮ ಅರೆಮಲೆನಾಡಿಗೆ ಎರಡನೇ ಸೂಲಿನ, ಅಂದರೆ ಎರಡನೇ ಕರು ಹಾಕಿದ, ಜೆರ್ಸಿ ಮಿಶ್ರತಳಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ನಾಟಿ ಅಂದರೆ ಒಂದೇ ಅಲ್ಲ. ಚನ್ನರಾಯಪಟ್ಟಣದ ಕಡೆಯ ಹಳ್ಳಿಕಾರ್ ಉಳುಮೆಯ ತಳಿ. ಅಂಥ ಎತ್ತು ಕಟ್ಟಿದ ಮನೆಗೆ ಬೇರೆ ಶೃಂಗಾರ ಬೇಡ, ಆದರೆ ಡೈರಿ ಕ್ಯಾನು ತುಂಬಲು ಆ ಹಸುವನ್ನು ನಂಬಬೇಡಿ. ಅಮೃತ ಮಹಲ್ ಕೂಡ ಹಾಗೆಯೇ. ಮೈಸೂರು ಅರಸರ ಹುಲ್ಲುಗಾವಲುಗಳಲ್ಲಿ ಬೆಳೆದು, ಟಿಪ್ಪುವಿನ ಸೈನ್ಯದ ಸಾಮಾನು ಎಳೆದ ತಳಿ ಅದು. ಅಜ್ಜಂಪುರದ ಸರ್ಕಾರಿ ಕೇಂದ್ರದಲ್ಲಿ ಇಂದಿಗೂ ಸಾಕುತ್ತಾರೆ, ಒಮ್ಮೆ ಹೋಗಿ ನೋಡಿ.

ಇನ್ನು ಮಲೆನಾಡು ಗಿಡ್ಡ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. 100 ಕೆಜಿ ಆಸುಪಾಸಿನ ಪುಟ್ಟ ಹಸು. ಗುಡ್ಡ, ತೋಟದ ಅಂಚು ಮೇಯ್ದುಕೊಂಡು ಸಂಜೆಗೆ ತಾನೇ ಕೊಟ್ಟಿಗೆಗೆ ಬರುತ್ತದೆ. ಸಕಲೇಶಪುರ, ಮೂಡಿಗೆರೆಯ ಮಳೆಗೂ ಅಂಜುವುದಿಲ್ಲ. ಕೊಡುವುದು ಒಂದೆರಡು ಲೀಟರ್ ಅಷ್ಟೇ. ಮನೆಗೆ ಮಾತ್ರ ಹಾಲು ಸಾಕು ಅನ್ನುವವರು ಕಣ್ಣು ಮುಚ್ಚಿಕೊಂಡು ಗಿಡ್ಡ ಕಟ್ಟಬಹುದು.

ಕೊಳ್ಳುವಾಗ ಒಂದು ಹೊತ್ತು ಕರೆದು ತೋರಿಸಿದ್ದನ್ನು ನಂಬಬೇಡಿ. ಹಿಂದಿನ ಹೊತ್ತು ಕರೆಯದೇ ಬಿಟ್ಟಿದ್ದರೆ ಕೆಚ್ಚಲು ತುಂಬಿಯೇ ಕಾಣುತ್ತದೆ, ಅಲ್ವಾ? ಮೂರು ಹೊತ್ತು ಎದುರಿಗೆ ನಿಂತು ಕರೆಸಿ. ನಾಲ್ಕೂ ಮೊಲೆಯಲ್ಲಿ ಹಾಲು ಬರುತ್ತದಾ ನೋಡಿ.

ಗಬ್ಬ ನಿಲ್ಲದಿದ್ದರೆ ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿ. ಕರು ಹಾಕುವ 2 ತಿಂಗಳ ಮೊದಲು ಹಾಲು ಬತ್ತಿಸಿಬಿಡಿ. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ ತಪ್ಪಿಸಬೇಡಿ.

ಗಿಣ್ಣು ಹಾಲಿನ ವಿಚಾರ ಮಾತ್ರ ಒತ್ತಿ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮಾಸು (ಕರು ಹುಟ್ಟಿದ ಮೇಲೆ ಹೊರಬೀಳುವ ಗರ್ಭದ ಚೀಲ) ಬೀಳುವ ತನಕ ಕರುವನ್ನು ಹಾಲಿಗೆ ಬಿಡಬಾರದು ಅನ್ನುತ್ತಿದ್ದರು. ಹಾಗೆ ಕಾದು ಕಾದು ಒಂದು ಹೆಣ್ಣುಗರು ಬಡವಾಯಿತು, ವಾರದಲ್ಲಿ ಭೇದಿ ಹಿಡಿದು ಹೋಯಿತು. ಈಗಲೂ ಆ ಕರುವಿನ ಕಣ್ಣು ನೆನಪಿದೆ. ಹುಟ್ಟುವಾಗ ಕರುವಿಗೆ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಹೊತ್ತು ಕಳೆದಂತೆ ಅದನ್ನು ಹೀರಿಕೊಳ್ಳುವುದು ಕರುಳಿಗೆ ಆಗುವುದಿಲ್ಲ. ಮಾಸು ಬೀಳಲಿ ಬಿಡಲಿ, ಒಂದು ಗಂಟೆಯೊಳಗೆ ಕುಡಿಸಿ.

ಕೊಟ್ಟಿಗೆ ನೆಲ ಜಾರಬಾರದು, ಗಂಜಲ ನಿಲ್ಲಬಾರದು. ಕರೆದ ಮೇಲೆ ಅರ್ಧ ಗಂಟೆ ಮೊಲೆಯ ತೂತು ತೆರೆದೇ ಇರುತ್ತದೆ. ಆಗ ಮಲಗಿದರೆ ಕೆಚ್ಚಲು ಬಾವು ಬರಬಹುದು. ಹಾಗಾಗಿ ಹಾಲು ಕರೆದ ಕೂಡಲೇ ಗೋದಲಿಗೆ ಹಸಿ ಮೇವು ಹಾಕಿ, ತಿನ್ನುತ್ತಾ ನಿಂತಿರುತ್ತದೆ.