ಸೂಪಿನಿಂದ ನೀರು ಹೊರಡುವ ದಾರಿ: ಫ್ರೀಜ್ ಡ್ರೈಯಿಂಗ್ ಕಲಿಯುವವರಿಗೆ ಟಿಪ್ಪಣಿ

ಫ್ರೀಜರ್‌ನಲ್ಲಿ ಐಸ್ ಟ್ರೇ ಇಟ್ಟು ಎರಡು ಮೂರು ತಿಂಗಳು ಮರೆತುಬಿಡಿ. ಆಮೇಲೆ ತೆಗೆದು ನೋಡಿದರೆ ಐಸ್ ತುಂಡುಗಳ ಮೂಲೆಗಳು ಸವೆದು ಗುಂಡಗಾಗಿರುತ್ತವೆ. ಕರಗಿದ್ದಲ್ಲ, ಯಾಕಂದ್ರೆ ಟ್ರೇಯಲ್ಲಿ ಒಂದು ಹನಿ ನೀರೂ ಇರುವುದಿಲ್ಲ. ಡಬ್ಬಿಯಲ್ಲಿಟ್ಟ ಕರ್ಪೂರ ಸವೆಯುವ ಹಾಗೆಯೇ ಐಸ್ ಕೂಡ ಸವೆದಿರುತ್ತದೆ. ಗಟ್ಟಿ ವಸ್ತು ದ್ರವವಾಗದೆ ನೇರವಾಗಿ ಆವಿಯಾಗುವ ಈ ಕ್ರಿಯೆಗೆ ಶಾಲೆಯ ಪುಸ್ತಕದಲ್ಲಿ ಉತ್ಪತನ ಅಂತ ಹೆಸರು ಓದಿರುತ್ತೀರಿ. ಫ್ರೀಜ್ ಡ್ರೈಯಿಂಗ್ ಅಂದರೆ ಇದನ್ನೇ ಬೇಕೆಂದು, ತಿಂಗಳುಗಳ ಬದಲು ಒಂದೆರಡು ದಿನದಲ್ಲಿ ಮಾಡಿಸುವುದು.

ಸೂಪಿಗೆ ಇದು ಯಾಕೆ ಬೇಕು? ಬಿಸಿ ಗಾಳಿಯಲ್ಲಿ ಒಣಗಿಸಿದರೆ ತರಕಾರಿ ಕುಗ್ಗಿ ಚರ್ಮದ ಹಾಗಾಗುತ್ತದೆ, ಮತ್ತೆ ನೀರು ಹಾಕಿದರೂ ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಐಸ್ ಇದ್ದ ಜಾಗದಿಂದ ಐಸ್ ಮಾತ್ರ ಎದ್ದು ಹೋದರೆ ಉಳಿದದ್ದು ಸ್ಪಂಜಿನಂತೆ ನಿಲ್ಲುತ್ತದೆ. ಬಿಸಿನೀರು ಆ ತೂತುಗಳಿಗೆ ನುಗ್ಗಿದರೆ ಸಾಕು, ಕೆಲವೇ ನಿಮಿಷದಲ್ಲಿ ಸೂಪ್ ಸಿದ್ಧ.

ಪಂಪ್ ನೀರನ್ನು ಹೀರುವುದಿಲ್ಲ

ನಾನು ಮೊದಲು ತಪ್ಪಾಗಿ ತಿಳಿದುಕೊಂಡಿದ್ದ ವಿಷಯ ಇದು. ಯಂತ್ರದೊಳಗಿನ ಗಾಳಿ ತೆಗೆಯುವ ವ್ಯಾಕ್ಯೂಮ್ ಪಂಪ್ ಸೂಪಿನ ನೀರನ್ನೆಲ್ಲ ಎಳೆದು ಹೊರಗೆ ಹಾಕುತ್ತದೆ ಅಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ಆ ಕಲ್ಪನೆ ನಿಲ್ಲಲಿಲ್ಲ.

ನೀರಿನ ತ್ರಿಕ ಬಿಂದು, ಅಂದರೆ ಐಸ್, ನೀರು, ಆವಿ ಮೂರೂ ಒಟ್ಟಿಗೆ ಇರಬಲ್ಲ ಸ್ಥಿತಿ, 0.01 ಡಿಗ್ರಿ ಸೆಲ್ಸಿಯಸ್ ಮತ್ತು ಸುಮಾರು 611 ಪಾಸ್ಕಲ್ (ಒತ್ತಡದ ಅಳತೆ). ಆವಿಯ ಒತ್ತಡ ಇದಕ್ಕಿಂತ ಕೆಳಗಿದ್ದರೆ ನೀರಿಗೆ ದ್ರವವಾಗಿ ಇರಲು ಜಾಗವೇ ಇಲ್ಲ: ಐಸ್ ಆಗಿರಬೇಕು, ಇಲ್ಲ ಆವಿಯಾಗಬೇಕು. ಸಮುದ್ರ ಮಟ್ಟದ ಗಾಳಿಯ ಒತ್ತಡ 1,01,325 ಪಾಸ್ಕಲ್. ಮನೆಬಳಕೆಯ ಯಂತ್ರಗಳು ಒಣಗಿಸುವಾಗ ಒಳಗಿನ ಒತ್ತಡವನ್ನು 100 ಪಾಸ್ಕಲ್‌ಗಿಂತಲೂ ಕೆಳಕ್ಕೆ ತರುತ್ತವೆ. ಅಷ್ಟು ಕಡಿಮೆ ಒತ್ತಡದಲ್ಲಿ, ಅಂದರೆ 60 ಪಾಸ್ಕಲ್ ಹತ್ತಿರ, ಒಂದೇ ಒಂದು ಗ್ರಾಂ ಐಸ್ ಆವಿಯಾದರೆ ಅದು ಹರಡಿಕೊಳ್ಳುವ ಜಾಗ ಸುಮಾರು 2,000 ಲೀಟರ್! ಟ್ರೇಯಲ್ಲಿ ನೂರಾರು ಗ್ರಾಂ ಇದೆ. ಪುಟ್ಟ ಪಂಪ್ ಇಷ್ಟನ್ನೆಲ್ಲ ಎಳೆಯುವ ಮಾತೇ ಇಲ್ಲ.

ನೀರನ್ನು ಹಿಡಿಯುವುದು ಕಂಡೆನ್ಸರ್, ಅಂದರೆ ಯಂತ್ರದ ತುಂಬಾ ತಣ್ಣಗಿನ ಭಾಗ. ಹಲವು ಯಂತ್ರಗಳಲ್ಲಿ ಅದು ಟ್ರೇಗಳನ್ನಿಡುವ ಗೂಡಿನ ಒಳಗೋಡೆಯೇ. ಮೈನಸ್ 20 ಡಿಗ್ರಿಯ ಐಸ್ ಮೇಲೆ ಆವಿಯ ಒತ್ತಡ ಸುಮಾರು 103 ಪಾಸ್ಕಲ್, ಮೈನಸ್ 40ರ ಐಸ್ ಮೇಲೆ ಬರೀ 13. ಸೂಪ್ ಮೈನಸ್ 20ರಲ್ಲಿದೆ, ಗೋಡೆ ಮೈನಸ್ 40ರಲ್ಲಿದೆ ಅಂದುಕೊಳ್ಳಿ. ಇಳಿಜಾರಿನಲ್ಲಿ ನೀರು ಹರಿದ ಹಾಗೆ ಆವಿ ಸೂಪಿನಿಂದ ಗೋಡೆಯ ಕಡೆಗೆ ಹರಿಯುತ್ತದೆ, ಅಲ್ಲಿ ಮತ್ತೆ ಐಸ್ ಆಗಿ ಅಂಟಿಕೊಳ್ಳುತ್ತದೆ. ಪಂಪ್ ಮಾಡುವುದು ದಾರಿಗೆ ಅಡ್ಡ ಇರುವ ಗಾಳಿಯನ್ನು ತೆಗೆಯುವ ಕೆಲಸ. ಕೊನೆಯಲ್ಲಿ ಬಾಗಿಲು ತೆರೆದಾಗ ಗೋಡೆಗೆ ದಪ್ಪಗೆ ಕಟ್ಟಿರುವ ಬಿಳಿ ಐಸ್ ನಿಮ್ಮ ಸೂಪಿನ ನೀರೇ.

ಇನ್ನೊಂದು ವಿಚಿತ್ರ ನೋಡಿ. ಫ್ರೀಜ್ ಡ್ರೈಯಿಂಗ್ ಅಂದರೂ ಟ್ರೇಗಳ ಕೆಳಗೆ ಹೀಟರ್ ಇರುತ್ತದೆ. ಒಂದು ಕಿಲೋ ಐಸ್ ನೇರವಾಗಿ ಆವಿಯಾಗಲು ಸುಮಾರು 2,830 ಕಿಲೋಜೂಲ್ ಶಾಖ ಬೇಕು. ಹೊರಗಿನಿಂದ ಕೊಡದಿದ್ದರೆ ಐಸ್ ತನ್ನನ್ನೇ ತಂಪು ಮಾಡಿಕೊಳ್ಳುತ್ತಾ ಹೋಗುತ್ತದೆ, ಕೆಲಸ ನಿಧಾನವಾಗಿ ನಿಂತೇ ಹೋಗುತ್ತದೆ. 1,000 ಗ್ರಾಂ ಸೂಪಿನಲ್ಲಿ 880 ಗ್ರಾಂ ನೀರಿದ್ದರೆ ಬೇಕಾದದ್ದು ಹತ್ತಿರ ಹತ್ತಿರ 2,490 ಕಿಲೋಜೂಲ್, ಅಂದರೆ 0.7 ಯೂನಿಟ್ ವಿದ್ಯುತ್. ಇದು ಕಾಗದದ ಮೇಲಿನ ಕನಿಷ್ಠ. ಕಂಪ್ರೆಸರ್, ಪಂಪ್ ಎರಡೂ ಗಂಟೆಗಟ್ಟಲೆ ಓಡುವುದರಿಂದ ನಿಜವಾದ ಖರ್ಚು ಇದರ ಎಷ್ಟೋ ಪಟ್ಟು.

ಜಿಡ್ಡು

ಯಂತ್ರದ ಬಗ್ಗೆ ಎಷ್ಟು ಓದಿದರೂ, ಸೂಪ್ ವರ್ಷಗಟ್ಟಲೆ ಉಳಿಯುತ್ತದೋ ಇಲ್ಲವೋ ಅನ್ನೋದರಲ್ಲಿ ಅರ್ಧ ಒಲೆಯ ಮೇಲೇ ತೀರ್ಮಾನವಾಗಿರುತ್ತದೆ. ಉಳಿದರ್ಧ ಯಂತ್ರದಿಂದ ತೆಗೆದ ಮೇಲೆ. ನಡುವಿನದು ಯಂತ್ರದ ಪಾಡಿಗೆ ಬಿಡಿ.

ಎಣ್ಣೆ, ಬೆಣ್ಣೆ, ಮಾಂಸದ ಕೊಬ್ಬು ಯಾವುದೂ ಇಲ್ಲಿ ಆವಿಯಾಗುವುದಿಲ್ಲ. ನೀರೆಲ್ಲ ಹೋದ ಮೇಲೂ ಜಿಡ್ಡು ಹಾಗೇ ಉಳಿಯುತ್ತದೆ. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಒಣಗಿದ ಸೂಪ್ ತೂತು ತೂತಾಗಿರುವುದರಿಂದ ಆ ಜಿಡ್ಡು ತೆಳುವಾಗಿ ಹರಡಿ ಎಲ್ಲಾ ಕಡೆ ಗಾಳಿಗೆ ಮೈಯೊಡ್ಡಿರುತ್ತದೆ. ಆಕ್ಸಿಜನ್ ತಾಗಿದಂತೆ ಕಮಟು ಹಿಡಿಯುತ್ತದೆ.

ನನ್ನ ಮೊದಲ ಟೊಮೆಟೊ ಸೂಪಿಗೆ ಈರುಳ್ಳಿಯನ್ನು ಧಾರಾಳವಾಗಿ ಎಣ್ಣೆಯಲ್ಲಿ ಹುರಿದಿದ್ದೆ. ರುಚಿಗೆ ಕೊರತೆ ಇರಲಿಲ್ಲ. ಒಣಗಿ ಬಂದಾಗಲೂ ಬಣ್ಣ ಚೆನ್ನಾಗಿತ್ತು, ಆದರೆ ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬದಲು ಮೆತ್ತಗೆ ಅಂಟುತ್ತಿತ್ತು. ತೇವ ಉಳಿದಿದೆ ಅಂದುಕೊಂಡು ಇನ್ನೂ ಆರು ಗಂಟೆ ಒಣಗಿಸಿದೆ. ಏನೂ ಬದಲಾಗಲಿಲ್ಲ, ಯಾಕಂದ್ರೆ ಅದು ನೀರೇ ಅಲ್ಲ, ಎಣ್ಣೆ. ಸುಮ್ನೆ ಕರೆಂಟು ಸುಟ್ಟೆ. ನಾಲ್ಕು ತಿಂಗಳ ನಂತರ ಜಾಡಿ ತೆರೆದರೆ ಹಳೇ ಪೇಂಟ್ ಡಬ್ಬಿಯ ವಾಸನೆ.

ಈಗ ಮಾಡುವುದು ಹೀಗೆ: ಎಣ್ಣೆ ಹಾಕದೆ ತರಕಾರಿ ಬೇಯಿಸುತ್ತೇನೆ, ಅಥವಾ ಒಣ ಬಾಣಲೆಯಲ್ಲಿ ಹುರಿಯುತ್ತೇನೆ. ಮಾಂಸದ ಸೂಪಾದರೆ ಇಡೀ ರಾತ್ರಿ ಫ್ರಿಜ್‌ನಲ್ಲಿಡಬೇಕು. ಬೆಳಿಗ್ಗೆ ಕೊಬ್ಬು ಮೇಲೆ ಗಟ್ಟಿ ಹಾಳೆಯಾಗಿ ನಿಂತಿರುತ್ತದೆ, ಸೌಟಿನ ಅಂಚಿನಿಂದ ಎತ್ತಿ ತೆಗೆದರೆ ಆಯಿತು. ಅದರ ಕೆಳಗೆ ಜೆಲ್ಲಿಯಂತೆ ಅಲುಗಾಡುವುದು ಕೊಬ್ಬಲ್ಲ, ಎಲುಬಿನಿಂದ ಬಂದ ಜೆಲಾಟಿನ್. ಅದನ್ನು ಬಿಸಾಡಬೇಡಿ, ಚೆನ್ನಾಗಿ ಒಣಗುತ್ತದೆ. ಕೆನೆ, ಬೆಣ್ಣೆ, ತೆಂಗಿನ ಹಾಲು ಏನಿದ್ದರೂ ಮುಂದೆ ಕುಡಿಯುವ ದಿನ ಸೇರಿಸಿಕೊಳ್ಳಿ.

ಸಕ್ಕರೆ ಅಂಶ, ತುಂಡುಗಳ ಗಾತ್ರ

ಸಿಹಿಕುಂಬಳ, ಕ್ಯಾರೆಟ್, ಜೋಳದಂಥ ಸಿಹಿ ತರಕಾರಿಯ ಸೂಪ್ ಕೆಲವೊಮ್ಮೆ ಟ್ರೇಯಲ್ಲಿ ಉಬ್ಬಿ, ಗುಳ್ಳೆ ಎದ್ದು, ಅಂಟು ಅಂಟಾಗುತ್ತದೆ. ಸಕ್ಕರೆ ಕರಗಿದ ನೀರು ಪೂರ್ತಿ ಐಸ್ ಆಗುವುದಿಲ್ಲ. ಐಸ್ ಹರಳುಗಳ ನಡುವೆ ಗಟ್ಟಿ ಪಾಕದಂಥದ್ದು ಉಳಿಯುತ್ತದೆ. ಸಾಮಾನ್ಯ ಸಕ್ಕರೆಯ ಆ ಪಾಕ ಗಾಜಿನಂತೆ ಬಿಗಿಯಾಗಬೇಕಾದರೆ ಮೈನಸ್ 32 ಡಿಗ್ರಿಯ ಸುತ್ತಮುತ್ತ ಇಳಿಯಬೇಕು, ಹಣ್ಣಿನ ಸಕ್ಕರೆಯದು ಇನ್ನೂ ಕೆಳಗೆ. ಅದಕ್ಕಿಂತ ಬೆಚ್ಚಗಾದರೆ ಪಾಕ ಸಡಿಲವಾಗಿ ತೂತುಗಳು ಕುಸಿಯುತ್ತವೆ, ಒಳಗಿನ ಆವಿಗೆ ದಾರಿ ಮುಚ್ಚುತ್ತದೆ. ಆಲೂಗಡ್ಡೆ, ಬೇಳೆಯಂಥ ಪಿಷ್ಟ ಜಾಸ್ತಿ ಇರುವುದನ್ನು ಸೇರಿಸಿ ರುಬ್ಬಿದರೆ ಈ ಕಾಟ ಕಡಿಮೆ. ಹೀಟರ್ ಉಷ್ಣತೆಯನ್ನು ಸ್ವಲ್ಪ ಇಳಿಸಿಯೂ ನೋಡಬಹುದು.

ತುಂಡುಗಳು ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಿರಲಿ. ಬಟಾಣಿಯ ಸಿಪ್ಪೆ ಆವಿಗೆ ಅಡ್ಡ ನಿಲ್ಲುತ್ತದೆ, ಹಾಗಾಗಿ ಅರ್ಧಂಬರ್ಧ ಹಿಸುಕಿ ಹಾಕಿ. ನನಗೆ ಕೇಳಿದರೆ ಮೊದಲ ಸಲ ಪೂರ್ತಿ ರುಬ್ಬಿದ ಸೂಪ್ ಮಾಡಿ. ಎಲ್ಲಾ ಕಡೆ ಒಂದೇ ಸಮ ಒಣಗುತ್ತದೆ, ಕಲಿಯಲೂ ಸುಲಭ.

ಹೆಪ್ಪುಗಟ್ಟಿಸುವುದು

ಬಿಸಿ ಸೂಪನ್ನು ನೇರ ಫ್ರೀಜರ್‌ಗೆ ತಳ್ಳಬೇಡಿ, ರಾತ್ರಿಯಿಡೀ ಒಲೆಯ ಮೇಲೆ ಬಿಡಲೂ ಬೇಡಿ. ಅಗಲವಾದ ಪಾತ್ರೆಗೆ ಸುರಿದು, ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಫ್ರಿಜ್‌ಗೆ ಹಾಕಿ. ಆಮೇಲೆ ಟ್ರೇಗೆ ಹೊಯ್ದು ಫ್ರೀಜರ್‌ನಲ್ಲಿಡಿ. ಟ್ರೇಯನ್ನು ಮೊದಲು ಫ್ರೀಜರ್ ಒಳಗಿಟ್ಟು, ಅಲ್ಲಿಯೇ ಸೂಪ್ ಹೊಯ್ಯುವುದು ಜಾಣತನ. ತುಂಬಿದ ಟ್ರೇ ಹಿಡಿದು ಅಡುಗೆಮನೆ ದಾಟಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಬೇಗ ಹೆಪ್ಪುಗಟ್ಟಿಸಿದರೆ ಹರಳು ಸಣ್ಣದು, ನಿಧಾನವಾದರೆ ದೊಡ್ಡದು. ಹಸಿ ಹಣ್ಣಿಗೆ ಸಣ್ಣ ಹರಳು ಒಳ್ಳೆಯದು, ದೊಡ್ಡ ಹರಳು ಜೀವಕೋಶ ಹರಿಯುತ್ತದೆ. ಸೂಪಿನಲ್ಲಿ ತರಕಾರಿ ಆಗಲೇ ಬೆಂದು ಮೆತ್ತಗಾಗಿದೆ, ಹರಿಯಲು ಉಳಿದಿರುವುದೇನು? ದೊಡ್ಡ ಹರಳು ದೊಡ್ಡ ತೂತು ಬಿಡುತ್ತದೆ, ಆವಿ ಸಲೀಸಾಗಿ ಹೊರಬರುತ್ತದೆ. ಆದ್ದರಿಂದ ಮನೆಯ ಸಾಮಾನ್ಯ ಫ್ರೀಜರ್ ನಿಧಾನವಾಗಿದ್ದರೂ ತೊಂದರೆ ಇಲ್ಲ.

ಪದರದ ದಪ್ಪದ ಮೇಲೆ ಮಾತ್ರ ಕಣ್ಣಿರಲಿ. ಒಣಗುವಿಕೆ ಮೇಲಿನಿಂದ ಕೆಳಗೆ ಇಳಿಯುತ್ತದೆ, ಆಳದ ಆವಿ ಮೇಲಿನ ಒಣ ಪದರವನ್ನು ದಾಟಿ ಬರಬೇಕು. ಸರಳ ಲೆಕ್ಕದಲ್ಲಿ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ಟ್ರೇ ಅಂಚಿನವರೆಗೆ ತುಂಬುವ ಆಸೆ ಬಿಡಿ. ಒಂದೂವರೆ ಸೆಂಟಿಮೀಟರ್ ಸಾಕು.

ಒಣಗಿತು ಅಂತ ಹೇಗೆ ಗೊತ್ತಾಗುತ್ತದೆ

ಯಂತ್ರ ಮುಗಿಯಿತು ಅಂತ ಬೀಪ್ ಮಾಡುತ್ತದೆ. ನಾನದನ್ನು ಪೂರ್ತಿ ನಂಬುವುದಿಲ್ಲ. ತಕ್ಕಡಿಯನ್ನು ನಂಬುತ್ತೇನೆ.

ಖಾಲಿ ಟ್ರೇ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಒಂದು ಟ್ರೇಯ ಲೆಕ್ಕ ಹೀಗಿರಬಹುದು: ಹಾಕಿದ್ದು 1,000 ಗ್ರಾಂ. ಬೀಪ್ ಆದಾಗ 131. ಮತ್ತೆ ಎರಡು ಗಂಟೆ ಒಣಗಿಸಿದರೆ 126. ಇನ್ನೆರಡು ಗಂಟೆಗೆ 124. ಮತ್ತೆರಡು ಗಂಟೆಗೂ 124. ಈಗ ಮುಗಿದಿದೆ. ಬೀಪ್ ನಂಬಿ ತೆಗೆದಿದ್ದರೆ 7 ಗ್ರಾಂ ನೀರು ಒಳಗೇ ಉಳಿಯುತ್ತಿತ್ತು. ಏಳು ಗ್ರಾಂ ಅಂದರೆ ಒಂದೂವರೆ ಟೀ ಚಮಚ, ಏನು ಮಹಾ ಅನ್ನಿಸುತ್ತದೆ. ಅದು ಟ್ರೇ ತುಂಬ ಹರಡಿರುವುದಿಲ್ಲ, ನಡುವಿನ ಒಂದು ಗಡ್ಡೆಯಲ್ಲಿ ಕೂತಿರುತ್ತದೆ. ಜಾಡಿಯಲ್ಲಿ ಮುಚ್ಚಿಟ್ಟಾಗ ನಿಧಾನವಾಗಿ ಸುತ್ತಲಿನ ಗರಿಗರಿ ಪುಡಿಯನ್ನೆಲ್ಲ ಮೆತ್ತಗೆ ಮಾಡುತ್ತದೆ.

ಕೈಯಲ್ಲೂ ಪರೀಕ್ಷೆ ಮಾಡಬಹುದು. ದಪ್ಪ ತುಂಡನ್ನು ನಡುವೆ ಮುರಿದು ತುಟಿಗೆ ತಾಗಿಸಿ. ತಣ್ಣಗೆ ಅನ್ನಿಸಿದರೆ ಒಳಗೆ ಐಸ್ ಇದೆ.

ಕ್ರಿಮಿ ಸಾಯುವುದಿಲ್ಲ

ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾಗಳನ್ನು ವರ್ಷಗಟ್ಟಲೆ ಜೀವಂತ ಕಾಪಾಡಲು ಬಳಸುವ ವಿಧಾನಗಳಲ್ಲಿ ಫ್ರೀಜ್ ಡ್ರೈಯಿಂಗ್ ಕೂಡ ಒಂದು. ಈ ಒಂದು ವಾಕ್ಯ ನೆನಪಿದ್ದರೆ ಈ ಭಾಗ ಅರ್ಧ ಕಲಿತಂತೆ. ನಮ್ಮ ಸೂಪಿನಲ್ಲಿದ್ದ ಕ್ರಿಮಿಗಳೂ ನೀರಿಲ್ಲದೆ ಮಲಗಿರುತ್ತವೆ, ನೀರು ಬಿದ್ದಾಗ ಏಳುತ್ತವೆ. ಹಾಗಾಗಿ ಮಾಂಸ, ಕಾಳು, ತರಕಾರಿ ಎಲ್ಲವೂ ಮೊದಲೇ ಪೂರ್ತಿ ಬೆಂದಿರಬೇಕು.

ಎಷ್ಟು ನೀರಿದೆ ಅನ್ನುವುದಕ್ಕಿಂತ ಕ್ರಿಮಿಗೆ ಸಿಗುವ ನೀರು ಎಷ್ಟು ಅನ್ನುವುದು ಮುಖ್ಯ. ಅದರ ಅಳತೆಗೆ ವಾಟರ್ ಆಕ್ಟಿವಿಟಿ ಅಂತ ಹೆಸರು, ಶುದ್ಧ ನೀರಿಗೆ 1. ಇದು 0.6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಯಾವುದೂ ಬೆಳೆಯಲಾರದು. ಚೆನ್ನಾಗಿ ಒಣಗಿದ ಸೂಪ್ ಇದಕ್ಕಿಂತ ಬಹಳ ಕೆಳಗಿರುತ್ತದೆ. ಬಾಟುಲಿಸಂ ಅನ್ನುವ ಅಪಾಯಕಾರಿ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಗಳು ಮಾಮೂಲಿ ಕುದಿತಕ್ಕೆ ಸಾಯುವುದಿಲ್ಲ, ಅವಕ್ಕೆ ಬೇಕಾದದ್ದು ತೇವ ಮತ್ತು ಆಕ್ಸಿಜನ್ ಇಲ್ಲದ ಜಾಗ. ಗಾಳಿಯಿಲ್ಲದ ಚೀಲವನ್ನು ನಾವೇ ಮಾಡಿಕೊಡುತ್ತಿದ್ದೇವೆ. ಅದರೊಳಗೆ ಒದ್ದೆ ಗಡ್ಡೆಯನ್ನೂ ಸೇರಿಸಿದರೆ ಕೇಳಬೇಕೇ? ತಕ್ಕಡಿಯ ಬಗ್ಗೆ ಅಷ್ಟು ಬರೆದದ್ದು ಇದಕ್ಕೇ.

ಚೀಲಕ್ಕೆ ಹಾಕುವಾಗ

ಯಂತ್ರದಿಂದ ತೆಗೆದ ಕ್ಷಣದಿಂದ ಪುಡಿ ಗಾಳಿಯ ತೇವ ಹೀರತೊಡಗುತ್ತದೆ. ಚೀಲ, ಸೀಲ್ ಮಾಡುವ ಯಂತ್ರ, ಚೀಟಿ ಎಲ್ಲ ಸಿದ್ಧ ಮಾಡಿಕೊಂಡ ಮೇಲೆಯೇ ಬಾಗಿಲು ತೆರೆಯಿರಿ. ಅಲ್ಯೂಮಿನಿಯಂ ಪದರವಿರುವ ದಪ್ಪ ಮೈಲಾರ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಚೀಲ ಒಳ್ಳೆಯದು, ಬೆಳಕು, ತೇವ, ಗಾಳಿ ಮೂರನ್ನೂ ತಡೆಯುತ್ತದೆ. ಜಿಪ್ ಇರುವ ಮಾಮೂಲಿ ಪ್ಲಾಸ್ಟಿಕ್ ಚೀಲ ವಾರದ ಮಾತಿಗೆ ಸರಿ, ವರ್ಷದ ಮಾತಿಗಲ್ಲ.

ಆಕ್ಸಿಜನ್ ಹೀರುವ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ಅದು ತುಕ್ಕು ಹಿಡಿಯುತ್ತಾ ಆಕ್ಸಿಜನ್ ತಿನ್ನುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಆಕ್ಸಿಜನ್ ಸುಮಾರು 210 ಮಿಲಿಲೀಟರ್, ಹಾಗಾಗಿ ಲೀಟರ್ ಚೀಲಕ್ಕೆ 300 ಸಿಸಿ (ಅಂದರೆ 300 ಮಿಲಿಲೀಟರ್ ಆಕ್ಸಿಜನ್ ಹೀರುವ) ಪೊಟ್ಟಣ ಒಂದು ಸಾಕು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಇದರ ಪಕ್ಕದಲ್ಲೇ ಇಡಬೇಡಿ. ತುಕ್ಕು ಹಿಡಿಯಲು ಕಬ್ಬಿಣಕ್ಕೆ ಚೂರು ತೇವ ಬೇಕು, ಸಿಲಿಕಾ ಅದನ್ನೂ ಕಿತ್ತುಕೊಳ್ಳುತ್ತದೆ.

25 ವರ್ಷ ಇಡಬಹುದು ಅಂತ ಜಾಹೀರಾತುಗಳು ಹೇಳುತ್ತವೆ. ಜಿಡ್ಡಿಲ್ಲದ ಪದಾರ್ಥ, ಪೂರ್ತಿ ಒಣಗಿದ್ದು, ಒಳ್ಳೆಯ ಸೀಲ್, ತಂಪು ಜಾಗ ಎಲ್ಲ ಕೂಡಿಬಂದಾಗಿನ ಲೆಕ್ಕ ಅದು. ಮಾಂಸ ಇರುವ ಮನೆಯ ಸೂಪಿಗೆ ನಾನು ಅಷ್ಟು ಧೈರ್ಯ ಮಾಡುವುದಿಲ್ಲ, ಹಳೆಯದನ್ನು ಮೊದಲು ಮುಗಿಸುತ್ತೇನೆ.

ಮತ್ತೆ ಸೂಪ್ ಮಾಡುವುದು

ಚೀಟಿಯಲ್ಲಿ ತಾರೀಕಿನ ಜೊತೆ ನೀರಿನ ಲೆಕ್ಕವೂ ಇರಲಿ. ಮೇಲಿನ ಟ್ರೇಯಲ್ಲಿ ಹೋದ ನೀರು 1,000ದಿಂದ 124 ಕಳೆದರೆ 876 ಗ್ರಾಂ. ನಾಲ್ಕು ಚೀಲ ಮಾಡಿದರೆ ಪ್ರತಿ ಚೀಲದಲ್ಲಿ 31 ಗ್ರಾಂ ಪುಡಿ, ಬೇಕಾದ ನೀರು 219 ಮಿಲಿಲೀಟರ್. ಇದನ್ನು ಬರೆಯದಿದ್ದರೆ ಆರು ತಿಂಗಳ ನಂತರ ಅಂದಾಜಿನ ಮೇಲೆ ನೀರು ಸುರಿದು, ಗಂಜಿಯೋ ಸಾರೋ ಗೊತ್ತಾಗದ್ದನ್ನು ಕುಡಿಯಬೇಕಾಗುತ್ತದೆ.

ಪಿಷ್ಟ ಇರುವ ಪುಡಿಗೆ ಕುದಿಯುವ ನೀರನ್ನು ಒಮ್ಮೆಲೇ ಸುರಿದರೆ ಗಂಟುಗಂಟಾಗುತ್ತದೆ. ಮೊದಲು ಎರಡು ಚಮಚ ತಣ್ಣೀರಿನಲ್ಲಿ ಕಲಸಿ, ಆಮೇಲೆ ಉಳಿದ ನೀರನ್ನು ಬಿಸಿಯಾಗಿ ಸೇರಿಸಿ, ಒಂದು ಕುದಿ ಬರಿಸಿ. ನೀರು ಬಿದ್ದ ಮೇಲೆ ಅದು ತಾಜಾ ಸೂಪಿನಷ್ಟೇ ಬೇಗ ಕೆಡುತ್ತದೆ, ಮಿಕ್ಕಿದ್ದು ಫ್ರಿಜ್‌ಗೆ ಹೋಗಬೇಕು. ತುಂಡುಗಳಿದ್ದರೆ ಹತ್ತು ನಿಮಿಷ ಮುಚ್ಚಿಟ್ಟು, ಒಂದು ತುಂಡನ್ನು ಚಮಚದಲ್ಲಿ ಕತ್ತರಿಸಿ ನೋಡಿ. ನಡುವೆ ಒಣ ಚುಕ್ಕೆ ಕಂಡರೆ ಇನ್ನೈದು ನಿಮಿಷ ಮುಚ್ಚಿಡಿ.