ಗಂಟು ಕೈಗೆ ಸಿಗದಿದ್ದರೂ ಕುತ್ತಿಗೆಯ ಕಾಂಟ್ರಾಸ್ಟ್ ಸ್ಕ್ಯಾನ್ ಏಕೆ?

ಪ್ರಶ್ನೆ: ತಂದೆಯವರಿಗೆ ಕೆನ್ನೆಯ ಒಳಭಾಗದ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಕುತ್ತಿಗೆಯಲ್ಲಿ ಗಂಟು ಸಿಗುತ್ತಿಲ್ಲವೆಂದು ವೈದ್ಯರೇ ಹೇಳಿದ್ದಾರೆ. ಹಾಗಿದ್ದೂ ಕಾಂಟ್ರಾಸ್ಟ್ ಸಿ.ಟಿ. ಏಕೆ ಬೇಕು?

ಉತ್ತರ: ಕೆನ್ನೆ, ಒಸಡುಗಳ ಕ್ಯಾನ್ಸರ್ ಹರಡಿದಾಗ ಸಾಮಾನ್ಯವಾಗಿ ಮೊದಲು ಸೇರುವುದು ದವಡೆಯ ಕೆಳಗಿನ ಮತ್ತು ಕತ್ತಿನ ಮೇಲ್ಭಾಗದ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್). ಇವುಗಳಲ್ಲಿ ಹಲವು ಸ್ನಾಯುವಿನ ಮರೆಯಲ್ಲಿರುವುದರಿಂದ ನುರಿತ ಬೆರಳಿಗೂ ಸಿಗುವುದಿಲ್ಲ. ಕಾಂಟ್ರಾಸ್ಟ್ ಇಲ್ಲದ ಸಿ.ಟಿ.ಯಲ್ಲಿ ಗ್ರಂಥಿ, ರಕ್ತನಾಳ, ಸ್ನಾಯು ಮೂರೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣ. ದುಂಡಗಿನ ಚುಕ್ಕೆಯೊಂದು ನಾಳವೋ ಗ್ರಂಥಿಯೋ ತಿಳಿಯುವುದು ಕಷ್ಟ. ತೋಳಿನ ರಕ್ತನಾಳಕ್ಕೆ ಅಯೋಡಿನ್‌ಯುಕ್ತ ದ್ರವವನ್ನು (ಇದೇ ಕಾಂಟ್ರಾಸ್ಟ್) ಕೊಟ್ಟು, ಸುಮಾರು ಒಂದು ನಿಮಿಷ ತಡೆದು ಚಿತ್ರ ತೆಗೆದರೆ ನಾಳಗಳು ಬೆಳ್ಳಗೆ ಹೊಳೆಯುತ್ತವೆ, ಗ್ರಂಥಿಗಳು ಬೇರೆಯಾಗಿ ಕಾಣುತ್ತವೆ.

ಇದಕ್ಕಿಂತ ದೊಡ್ಡ ಲಾಭವೆಂದರೆ ಗ್ರಂಥಿಯ ಒಳಗು ಕಾಣುವುದು. ಅಡ್ಡಳತೆ 10 ಮಿ.ಮೀ. ದಾಟಿದ ಗ್ರಂಥಿಯನ್ನು ಅನುಮಾನದಿಂದ ನೋಡುವ ರೂಢಿಯಿದೆಯಾದರೂ ಅಳತೆಯೊಂದನ್ನೇ ನಂಬುವಂತಿಲ್ಲ. ಹುಳುಕು ಹಲ್ಲು, ಕೀವುಗಟ್ಟಿದ ಒಸಡು ಇರುವವರಲ್ಲಿ (ತಂಬಾಕು ಜಗಿಯುವವರಲ್ಲಿ ಇದು ಅಪರೂಪವೇನಲ್ಲ) ಸೋಂಕಿನಿಂದಲೇ ಗ್ರಂಥಿ ಊದಿಕೊಂಡಿರಬಹುದು. ಅದೇ 8 ಮಿ.ಮೀ. ಗ್ರಂಥಿಯೊಂದರ ನಡುಭಾಗ ಕಪ್ಪಾಗಿ, ಅಂಚು ಮಾತ್ರ ಉಂಗುರದಂತೆ ಹೊಳೆದರೆ, ಒಳಗಿನ ಅಂಗಾಂಶ ಸತ್ತು ಅಲ್ಲಿಗೆ ರಕ್ತ ಹರಿಯುತ್ತಿಲ್ಲವೆಂದು ಅರ್ಥ. ಬಾಯಿಯ ಕ್ಯಾನ್ಸರ್ ಇರುವವರಲ್ಲಿ ಅಳತೆಗಿಂತ ಈ ಗುರುತಿಗೇ ಹೆಚ್ಚು ಬೆಲೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಆದರೆ ನಮ್ಮ ದೇಶದಲ್ಲಿ ಮರೆಯಬಾರದ ಸಂಗತಿಯೊಂದಿದೆ: ಕ್ಷಯದ ಗ್ರಂಥಿಯೂ ಹೀಗೆಯೇ ಕಾಣಬಲ್ಲದು. ಸಂಶಯ ಉಳಿದರೆ ಅಲ್ಟ್ರಾಸೌಂಡ್ ನೋಡುತ್ತ ಸೂಜಿಯಿಂದ ಕಣಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಗ್ರಂಥಿಯ ಅಂಚು ಮಸುಕಾಗಿ ಸುತ್ತಲಿನ ಕೊಬ್ಬಿಗೆ ಚಾಚಿಕೊಂಡಿದ್ದರೆ ರೋಗವು ಕವಚವನ್ನು ಒಡೆದಿರುವ ಸೂಚನೆ. ಆಗ ಶಸ್ತ್ರಚಿಕಿತ್ಸೆಯ ಯೋಜನೆಯೇ ಬದಲಾಗಬಹುದು.

ಸ್ಕ್ಯಾನ್‌ಗೆ ಮುನ್ನ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ಕೇಳುತ್ತಾರೆ. ಹಿಂದೆ ಕಾಂಟ್ರಾಸ್ಟ್‌ನಿಂದ ಅಲರ್ಜಿಯಾಗಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ. ದ್ರವ ಒಳಹೋಗುವಾಗ ಮೈಯೆಲ್ಲ ಬಿಸಿಯಾಗಿ, ಬಾಯಲ್ಲಿ ಲೋಹದ ರುಚಿ ಬರುವುದು ಸಹಜ. ಕೆನ್ನೆ ಒಸಡಿಗೆ ಅಂಟಿಕೊಂಡಿರುವುದರಿಂದ ಗಾಳಿ ತುಂಬಿ ಕೆನ್ನೆ ಉಬ್ಬಿಸಿ ಹಿಡಿಯಲು ಹೇಳಬಹುದು. ಹುಣ್ಣು ಎಲ್ಲಿಂದ ಹುಟ್ಟಿದೆಯೆಂಬುದು ಆಗ ತಿಳಿಯುತ್ತದೆ.

ಇಷ್ಟಾದರೂ ಕೆಲವೇ ಕಣಗಳಷ್ಟು ರೋಗವನ್ನು ಸಿ.ಟಿ. ಹಿಡಿಯಲಾರದು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭಿಕ ಹಂತದ ಬಾಯಿ ಕ್ಯಾನ್ಸರ್‌ಗೆ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಕತ್ತಿನ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷ ಬದುಕುಳಿದವರ ಪ್ರಮಾಣ ಶೇ. 80, ಗ್ರಂಥಿಗಳಲ್ಲಿ ರೋಗ ಕಾಣಿಸಿಕೊಂಡ ಮೇಲೆ ತೆಗೆಸಲು ಕಾದವರಲ್ಲಿ ಶೇ. 67.5. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದಾಗಲೂ ಕತ್ತಿನ ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದು ಇದೇ ಕಾರಣಕ್ಕೆ.