ಗಾಂಜಾ ಎಣ್ಣೆ: ಸೀಸೆಯ ಮೇಲಿನ ಮಿಲಿಗ್ರಾಂ ಲೆಕ್ಕ

ಮಗುವಿನ ಫಿಟ್ಸ್ ಯಾವ ಔಷಧಿಗೂ ಬಗ್ಗದಿದ್ದಾಗ ಮನೆಯವರ ಕಣ್ಣು ಆನ್‌ಲೈನ್‌ನಲ್ಲಿ ಸಿಗುವ ಗಾಂಜಾ ಎಣ್ಣೆಯ ಮೇಲೆ ಬೀಳುತ್ತದೆ. ಕೊಳ್ಳುವ ಮುನ್ನ ಸ್ವಲ್ಪ ಲೆಕ್ಕ ಹಾಕಬೇಕು.

ಗಿಡದಲ್ಲಿ ಔಷಧಿಯಾಗಿ ಹೆಚ್ಚು ಪರೀಕ್ಷೆಗೆ ಒಳಪಟ್ಟ ಅಂಶಗಳು ಎರಡು: ಅಮಲೇರಿಸುವ ಟಿಎಚ್‌ಸಿ, ಅಮಲೇರಿಸದ ಸಿಬಿಡಿ. ಕೀಮೋದ ವಾಂತಿಗೆ ಟಿಎಚ್‌ಸಿ ಮಾದರಿಯ ಮಾತ್ರೆಗಳು 1985ರಿಂದಲೂ ಅಮೆರಿಕದಲ್ಲಿವೆ. ಡ್ರಾವೆ, ಲೆನಾಕ್ಸ್-ಗ್ಯಾಸ್ಟೋ ಎಂಬ ಹಟಮಾರಿ ಮೂರ್ಛೆರೋಗಗಳಿಗೆ ಶುದ್ಧ ಸಿಬಿಡಿ ದ್ರಾವಣವನ್ನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿತು. ಕ್ಯಾನ್ಸರನ್ನೇ ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ.

ಆ ದ್ರಾವಣದ ಒಂದು ಮಿ.ಲೀ.ನಲ್ಲಿ 100 ಮಿ.ಗ್ರಾಂ ಸಿಬಿಡಿ ಇರುತ್ತದೆ. ಶುರುವಿನ ಪ್ರಮಾಣ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 5 ಮಿ.ಗ್ರಾಂ, ಎರಡು ಹೊತ್ತಿಗೆ ಹಂಚಿ. ಅಂದರೆ 20 ಕೆ.ಜಿ.ಯ ಮಗುವಿಗೆ 100 ಮಿ.ಗ್ರಾಂ, ವಾರದ ನಂತರ 200, ಅಗತ್ಯ ಬಿದ್ದರೆ ಹಂತಹಂತವಾಗಿ 400ರವರೆಗೆ. ಈಗ ‘30 ಮಿ.ಲೀ., 1000 ಮಿ.ಗ್ರಾಂ’ ಎಂದು ಬರೆದ ಸೀಸೆ ನೋಡಿ. ದಿನಕ್ಕೆ 200ರಂತೆ ಅದು ಐದೇ ದಿನಕ್ಕೆ ಖಾಲಿ. ‘ಐದು ಹನಿ ಸಾಕು’ ಎಂದರೆ ಹೊಟ್ಟೆ ಸೇರುವುದು ಎಂಟು ಮಿ.ಗ್ರಾಂ ಆಸುಪಾಸು. ಅದೂ ಆ 1000 ಪೂರ್ತಿ ಸಿಬಿಡಿಯೇ ಆಗಿದ್ದರೆ! ‘ವಿಜಯಾ (ಗಾಂಜಾ ಗಿಡಕ್ಕೆ ಆಯುರ್ವೇದದ ಹೆಸರು) ಸಾರ 1000 ಮಿ.ಗ್ರಾಂ’ ಎಂದಿದ್ದರೆ ಅದು ಇಡೀ ಸಾರದ ತೂಕ, ಟಿಎಚ್‌ಸಿಯೂ ಅದರೊಳಗೇ. ಎರಡೂ ಎಷ್ಟೆಷ್ಟು ಎಂದು ಆ ಬ್ಯಾಚಿನ ಲ್ಯಾಬ್ ವರದಿ ಕೇಳಿ. ಕೊಡದಿದ್ದರೆ ಕೊಳ್ಳಬೇಡಿ.

ಸರಿಯಾದ ಪ್ರಮಾಣಕ್ಕೂ ತೊಡಕುಗಳಿವೆ. ಕ್ಲೊಬಜಾಮ್ ಎಂಬ ಫಿಟ್ಸ್ ಔಷಧಿ ತಗೊಳ್ಳುವ ಮಗುವಿನಲ್ಲಿ ಸಿಬಿಡಿಯು ಆ ಔಷಧಿಯ ಸಕ್ರಿಯ ಅಂಶವನ್ನು ಕರಗಿಸುವ ಕಿಣ್ವಕ್ಕೆ ಅಡ್ಡಬರುತ್ತದೆ; ರಕ್ತದಲ್ಲಿ ಅದು ಸುಮಾರು ಮೂರು ಪಟ್ಟು ಏರಿ ಮಗು ತೂಕಡಿಸುತ್ತದೆ. ಇನ್ನೊಂದು ಫಿಟ್ಸ್ ಔಷಧಿ ವ್ಯಾಲ್ಪ್ರೊಯೇಟ್ ಜೊತೆಗಾದರೆ ಯಕೃತ್ತಿಗೆ ಪೆಟ್ಟು ಬೀಳುವ ಅಪಾಯ ಹೆಚ್ಚು. ಹಾಗಾಗಿ ಶುರುವಿಗೆ ಮುಂಚೆ, ಆಮೇಲೆ 1, 3, 6ನೇ ತಿಂಗಳಲ್ಲಿ ಲಿವರ್ ಪರೀಕ್ಷೆ ಆಗಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವ ಹಿರಿಯರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಟಿಎಚ್‌ಸಿ ತಿಂದಾಗ ಪರಿಣಾಮ ಕಾಣಲು ಎರಡು ಗಂಟೆಯೂ ಹಿಡಿದೀತು. ‘ಏನೂ ಆಗಲಿಲ್ಲ’ ಎಂದು ಇನ್ನೊಂದು ಸಲ ತಿಂದವರೇ ಆಸ್ಪತ್ರೆ ಸೇರುವುದು. ಗರ್ಭಿಣಿಯರು, ಹೃದ್ರೋಗಿಗಳು, ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇರುವವರು ಇದರಿಂದ ದೂರವಿರಬೇಕು.

ಇನ್ನು ಕಾನೂನು. ನಮ್ಮಲ್ಲಿ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಹೂಬಿಟ್ಟ ತುದಿ ಗಾಂಜಾ, ಅಂಟು ಚರಸ್. ತುದಿಯಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯ ಹೊರಗೆ. ಆಯುರ್ವೇದದ ವಿಜಯಾ ಔಷಧಿಗಳು ನಿಂತಿರುವುದು ಈ ಎಲೆಯ ಮೇಲೆ. ಭಂಗಿ, ಅಂದರೆ ಈ ಎಲೆ, ಔಷಧ ನಿಯಮಗಳ ವಿಷದ್ರವ್ಯಗಳ ಇ(1) ಪಟ್ಟಿಯಲ್ಲಿರುವುದರಿಂದ ಅವನ್ನೂ ವೈದ್ಯರ ನಿಗಾದಲ್ಲೇ ತಗೊಳ್ಳಬೇಕು. ಒಂದು ಕೆ.ಜಿ.ವರೆಗಿನ ಗಾಂಜಾ ‘ಅಲ್ಪ ಪ್ರಮಾಣ’ ಎಂದಿರುವುದನ್ನು ಹಲವರು ಪರವಾನಗಿ ಎಂದುಕೊಂಡಿದ್ದಾರೆ. ಅದು ಶಿಕ್ಷೆಯ ಮಟ್ಟ ಮಾತ್ರ: ಒಂದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅಮೆರಿಕದ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಸಿಬಿಡಿ ಎಣ್ಣೆಯನ್ನು ಊರಿನ ಅಜ್ಜಿಯ ಮಂಡಿನೋವಿಗೆಂದು ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ಅದರಲ್ಲಿ ಟಿಎಚ್‌ಸಿ ಇರಬಹುದು, ಹೂವಿನಿಂದಲೇ ತೆಗೆದದ್ದೂ ಆಗಿರಬಹುದು. ಅಲ್ಲಿನ ಬಿಲ್ಲು ಇಲ್ಲಿನ ಕಸ್ಟಮ್ಸ್‌ನಲ್ಲಿ ನಡೆಯುವುದಿಲ್ಲ.